ಪಂಜರ ತೆರೆಯುವ ಆತುರ ಬೇಡ: ಕಾಲಿನ ಆಪರೇಷನ್ ಆದ ಬೀದಿ ನಾಯಿ ಮನೆಗೆ ಬಂದಾಗ

ಪ್ರಶ್ನೆ: ಪ್ರಾಣಿ ರಕ್ಷಣೆ ಮಾಡುವ ತಂಡವೊಂದು ಸುಮಾರು ಹತ್ತು ತಿಂಗಳ ಹೆಣ್ಣು ಬೀದಿ ನಾಯಿಯನ್ನು ಬೆಂಗಳೂರಿನ ನಮ್ಮ ಮನೆಯಲ್ಲಿ ಫಾಸ್ಟರ್‌ಗೆ (ದತ್ತು ಹೋಗುವವರೆಗೆ ನೋಡಿಕೊಳ್ಳಲು) ಬಿಟ್ಟಿದೆ. ಹೆಸರು ಚುಕ್ಕಿ. ಕಾರು ಗುದ್ದಿ ಹಿಂಗಾಲಿನ ತೊಡೆ ಮೂಳೆ ಮುರಿದಿತ್ತು, ಪ್ಲೇಟ್ ಹಾಕಿದ್ದಾರೆ. ಇವತ್ತಿಗೆ ಆರನೇ ದಿನ. ಊಟ ಅರ್ಧಂಬರ್ಧ. ಬೆಳಗ್ಗೆಯಿಂದ ಸಂಜೆವರೆಗೂ ಮೂತ್ರ ತಡೆದುಕೊಂಡಿರುತ್ತಾಳೆ. ರಾತ್ರಿ ಅಳುತ್ತಾಳೆ, ಡೋಲೋ ಕೊಡಬಹುದಾ? ಕುತ್ತಿಗೆಗೆ ಹಾಕಿದ ಕೋನ್ ಕಿತ್ತುಹಾಕಿ ಹೊಲಿಗೆ ನೆಕ್ಕುತ್ತಾಳೆ, ಗಾಯಕ್ಕೆ ಅರಿಶಿನ ಹಚ್ಚು ಅಂತ ಅಮ್ಮ ಹೇಳುತ್ತಿದ್ದಾರೆ. ನಿನ್ನೆಯಿಂದ ಕಾಲು ಊರುತ್ತಿದ್ದಾಳೆ, ಓಡಬೇಕು ಅಂತ ಹಟ ಮಾಡುತ್ತಾಳೆ, ಪಂಜರದಲ್ಲಿಡಲು ನಮಗೆ ಮನಸ್ಸೇ ಬರುತ್ತಿಲ್ಲ. ಮನೆಯಲ್ಲಿ ಇನ್ನೊಂದು ನಾಯಿಯೂ ಇದೆ. ಏನು ಮಾಡಬೇಕು?

ಉತ್ತರ:

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಊಟದ ವಿಷಯವಲ್ಲ, ರಾತ್ರಿ ಅಳುವುದೂ ಅಲ್ಲ. ಕಾಲು ಊರುತ್ತಿದ್ದಾಳೆ, ಪಂಜರದಲ್ಲಿಡಲು ಮನಸ್ಸು ಬರುತ್ತಿಲ್ಲ ಅಂದಿರಲ್ಲ, ಆ ಮಾತು.

ಕಾಲು ಊರುವುದು ಒಳ್ಳೆಯ ಲಕ್ಷಣ, ಅದರಲ್ಲಿ ಅನುಮಾನವಿಲ್ಲ. ಪ್ಲೇಟ್ ಸರಿಯಾಗಿ ಕೂತಿದ್ದರೆ ಒಂದೆರಡು ವಾರದೊಳಗೆ ನಾಯಿ ನಿಧಾನವಾಗಿ ಪಾದದ ತುದಿ ತಾಗಿಸಲು ಶುರು ಮಾಡುತ್ತದೆ. ಆದರೆ ಒಳಗಿನ ಮೂಳೆ ಇನ್ನೂ ಮುರಿದೇ ಇದೆ. ಪ್ಲೇಟ್ ಮತ್ತು ಸ್ಕ್ರೂಗಳು ಅದನ್ನು ಅಲುಗಾಡದಂತೆ ಹಿಡಿದುಕೊಂಡಿವೆ, ಅಷ್ಟೇ. ಮೂಳೆ ತಾನಾಗಿ ಬೆಸೆದುಕೊಳ್ಳಲು ವಾರಗಳು ಬೇಕು: ಹತ್ತು ತಿಂಗಳ ಮರಿಗೆ ಸಾಮಾನ್ಯವಾಗಿ 6ರಿಂದ 8 ವಾರ, ಪೂರ್ತಿ ಬೆಳೆದ ನಾಯಿಗಳಿಗೆ 8ರಿಂದ 12. ಅಲ್ಲಿಯವರೆಗೆ ಅವಳ ಭಾರದ ಬಹುಪಾಲು ಬೀಳುವುದು ಆ ಲೋಹದ ಪಟ್ಟಿಯ ಮೇಲೆ. ಸೋಫಾದಿಂದ ಒಂದು ಸಲ ಧುಮುಕಿದರೆ, ಗೇಟಿನ ಬಳಿ ಬೆಕ್ಕು ಕಂಡು ಒಂದು ಸಲ ಹಾರಿದರೆ, ಸ್ಕ್ರೂ ಮೂಳೆಯಿಂದ ಕಿತ್ತು ಬರಬಹುದು, ಪ್ಲೇಟೇ ಬಾಗಬಹುದು. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ. ಖರ್ಚು ಜಾಸ್ತಿ, ಸೋಂಕಿನ ಅಪಾಯ ಜಾಸ್ತಿ, ಫಲಿತಾಂಶ ಕಡಿಮೆ.

ಮೊದಲ ವಾರ ಎಲ್ಲರೂ ಹುಷಾರಾಗಿರುತ್ತಾರೆ, ಯಾಕೆಂದರೆ ನಾಯಿ ನೋವಿನಲ್ಲಿರುವುದು ಕಣ್ಣಿಗೆ ಕಾಣುತ್ತದೆ. ಎಡವಟ್ಟಾಗುವುದು ಎರಡನೇ, ಮೂರನೇ ವಾರದಲ್ಲಿ. ಊತ ಇಳಿದಿರುತ್ತದೆ, ನೋವು ಕಡಿಮೆಯಾಗಿರುತ್ತದೆ, ನಾಯಿ ಬಾಲ ಅಲ್ಲಾಡಿಸುತ್ತಾ ಬಾಗಿಲು ಕೆರೆಯುತ್ತದೆ, ಮನೆಯವರಿಗೆ ಪಾಪ ಅನ್ನಿಸಿ 'ಹತ್ತು ನಿಮಿಷ ಹಾಲ್‌ನಲ್ಲಿ ಬಿಡೋಣ' ಅಂತ ಬಾಗಿಲು ತೆಗೆಯುತ್ತಾರೆ. ನೀವು ಈಗ ಅದೇ ಜಾಗಕ್ಕೆ ಬರುತ್ತಿದ್ದೀರಿ. ದಯವಿಟ್ಟು ತೆಗೆಯಬೇಡಿ. ಅವಳಿಗೆ ಗೊತ್ತಿರುವುದು ನೋವು ಕಡಿಮೆಯಾಗಿದೆ ಅನ್ನುವುದಷ್ಟೇ. ಮೂಳೆ ಕೂಡಿಲ್ಲ ಅನ್ನುವುದು ನಿಮಗೆ ಗೊತ್ತಿದೆ. ಎಕ್ಸ್‌ರೇ ನೋಡಿ ಡಾಕ್ಟರ್ ಹೇಳುವವರೆಗೂ ಓಟವಿಲ್ಲ, ಮೆಟ್ಟಿಲಿಲ್ಲ, ಹಾಸಿಗೆ ಸೋಫಾ ಹತ್ತುವುದಿಲ್ಲ, ಇನ್ನೊಂದು ನಾಯಿಯ ಜೊತೆ ಆಟವಿಲ್ಲ.

ಹಾಗಂತ ಪಂಜರ ಜೈಲಾಗಬೇಕಿಲ್ಲ. ಅವಳು ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇರಲಿ, ಅದಕ್ಕಿಂತ ದೊಡ್ಡದು ಬೇಡ. ಮಡಚುವ ಕಬ್ಬಿಣದ ಪಂಜರ ಸಿಗದಿದ್ದರೆ ಕೋಣೆಯ ಒಂದು ಮೂಲೆಗೆ ಎತ್ತರದ ತಡೆ ಕಟ್ಟಿದರೂ ಆಗುತ್ತದೆ, ಆದರೆ ಹಾರಿ ಬರುವಂತಿರಬಾರದು. ಬಾಲ್ಕನಿ ಬೇಡವೇ ಬೇಡ. ಚೈನ್ ಹಾಕಿ ಕಟ್ಟಿಹಾಕುವುದು ಪಂಜರಕ್ಕೆ ಬದಲಿಯಲ್ಲ, ಚೈನಿನಲ್ಲಿದ್ದರೂ ನಾಯಿ ಹಾರುತ್ತದೆ, ಸುತ್ತಿಕೊಂಡು ಕಾಲು ಎಳೆದುಕೊಳ್ಳುತ್ತದೆ. ಪಂಜರವನ್ನು ಜನ ಓಡಾಡುವ ಕಡೆ, ಆದರೆ ಬಾಗಿಲಿಗೆ ನೇರ ಎದುರಲ್ಲದ ಜಾಗದಲ್ಲಿಡಿ. ಎರಡು ಬದಿಗೆ ಹಳೆಯ ಬೆಡ್‌ಶೀಟ್ ಹೊದಿಸಿ. ಕಿವಿ ನೆಟ್ಟಗಾಗಿ, ಕಣ್ಣು ಸುತ್ತ ತಿರುಗುತ್ತಿದ್ದ ನಾಯಿ ಹಾಗೆ ಮರೆ ಸಿಕ್ಕ ಕೂಡಲೇ ಮಲಗುವುದನ್ನು ನೀವೇ ನೋಡುತ್ತೀರಿ. ಬೀದಿಯಲ್ಲಿ ಹುಟ್ಟಿ ಬೆಳೆದವಳಿಗೆ ಮಿಕ್ಸಿ, ಕುಕ್ಕರ್ ಕೂಗು, ತಲೆಯ ಮೇಲೆ ತಿರುಗುವ ಫ್ಯಾನ್ ಎಲ್ಲವೂ ಹೊಸದು.

ಇಡೀ ದಿನ ಪಂಜರದಲ್ಲಿರುವವಳಿಗೆ ಓಡಾಟ ಬಿಟ್ಟರೆ ಉಳಿದ ಸುಖ ಮೂಗಿನದು, ಬಾಯಿಯದು. ಊಟದ ಸ್ವಲ್ಪ ಭಾಗವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊಡಿ, ಮೂಸಿ ಮೂಸಿ ಬಿಡಿಸಿ ತಿನ್ನಲಿ. ಗಟ್ಟಿ ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತಾಳೆ. ಕರೆದಾಗ ಮುಖ ನೋಡುವುದು, ಕೈಗೆ ಮೂಗು ತಾಗಿಸುವುದು, ಬಾಯಿ ತೆರೆಸಿಕೊಳ್ಳುವುದು, ಇವನ್ನೆಲ್ಲ ಮಲಗಿದಲ್ಲೇ ಕಲಿಸಬಹುದು. ಇದು ಬರೀ ಟೈಂಪಾಸ್ ಅಲ್ಲ. ಮುಂದೆ ದತ್ತು ಹೋಗುವ ಮನೆಯಲ್ಲಿ ಅವಳಿಗೆ ಇವೇ ಉಪಯೋಗಕ್ಕೆ ಬರುತ್ತವೆ.

ಈಗ ನೆಲದ ಬಗ್ಗೆ. ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಇದ್ದಾವಲ್ಲ, ಮೂರು ಕಾಲಿನಲ್ಲಿ ನಡೆಯುವ ನಾಯಿಗೆ ಅವುಗಳಷ್ಟು ಅಪಾಯ ಇನ್ನೊಂದಿಲ್ಲ. ಜಾರಿ ಕಾಲು ಅಗಲವಾದರೆ ಮುಗಿಯಿತು. ಪಂಜರದಿಂದ ಹೊರಬಾಗಿಲವರೆಗೆ ಯೋಗ ಮ್ಯಾಟ್, ಜಮಖಾನ, ಗೋಣಿಚೀಲ, ಏನಿದೆಯೋ ಅದನ್ನು ಹಾಸಿ, ಅಂಚು ಜಾರದಂತೆ ಟೇಪ್ ಹಾಕಿ. ನಡೆಸುವಾಗ ಒಂದು ಟವೆಲ್ಲನ್ನು ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ ತೂರಿಸಿ ಎರಡೂ ತುದಿ ಮೇಲಕ್ಕೆ ಹಿಡಿದುಕೊಳ್ಳಿ. ಎತ್ತಿ ನೇತುಹಾಕುವುದಕ್ಕಲ್ಲ, ಜಾರಿದರೆ ಹಿಡಿಯಲು. ಲಿಫ್ಟ್ ಇಲ್ಲದ ಮನೆಯಾದರೆ ಎತ್ತಿಕೊಂಡೇ ಇಳಿಯಬೇಕು: ಒಂದು ಕೈ ಎದೆಯ ಮುಂದೆ, ಇನ್ನೊಂದು ಪೃಷ್ಠದ ಹಿಂದೆ, ಆಪರೇಷನ್ ಆದ ಕಾಲು ನಿಮ್ಮ ಮೈಗೆ ಒತ್ತದೆ ಹೊರಗಡೆಗಿರಲಿ.

ಮೂತ್ರ ತಡೆದುಕೊಳ್ಳುತ್ತಾಳೆ ಅಂದಿರಿ. ಹಟ ಇದ್ದರೂ ಇರಬಹುದು, ಆದರೆ ಹೆಚ್ಚಾಗಿ ಅವಳಿಗೆ ಎಲ್ಲಿ ಮಾಡಬೇಕು ಅಂತ ಗೊತ್ತಿಲ್ಲ. ಹುಟ್ಟಿದಾಗಿನಿಂದ ಮಣ್ಣು, ಹುಲ್ಲು, ಮೋರಿಯ ಅಂಚು ನೋಡಿದವಳು ಹೊಳೆಯುವ ಟೈಲ್ಸ್ ಮೇಲೆ, ಮಲಗುವ ಜಾಗದ ಪಕ್ಕದಲ್ಲೇ ಮಾಡುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ, ಊಟದ ನಂತರ, ಸಂಜೆ, ಮಲಗುವ ಮೊದಲು ಟವೆಲ್ ಆಸರೆಯಲ್ಲಿ ಮಣ್ಣಿರುವ ಜಾಗಕ್ಕೆ ಕರೆದುಕೊಂಡು ಹೋಗಿ, ಸುಮ್ನೆ ನಿಂತುಕೊಳ್ಳಿ. ಹಿಂಗಾಲು ಮಡಚಿ ಕೂರಲು ನೋವಾಗುವುದರಿಂದ ಹೆಣ್ಣು ನಾಯಿಗಳಿಗೆ ಇದು ಇನ್ನೂ ಕಷ್ಟ, ಆಗ ಟವೆಲ್ ಸ್ವಲ್ಪ ಬಿಗಿಯಾಗಿ ಹಿಡಿಯಿರಿ. ಹೊರಗೆ ಹೋಗುವುದು ಆಗದಿದ್ದರೆ ಅಗಲವಾದ ಟ್ರೇಯಲ್ಲಿ ಮಣ್ಣು ಹುಲ್ಲು ಹಾಕಿಡಿ. ಮಲ ಮೂರು ನಾಲ್ಕು ದಿನ ಆಗದಿದ್ದರೂ ಅರಿವಳಿಕೆ, ನೋವಿನ ಔಷಧದ ಪರಿಣಾಮ ಅಂತ ಕಾಯಬಹುದು. ಮೂತ್ರಕ್ಕೆ ಅಷ್ಟು ಕಾಯಬಾರದು. 24 ಗಂಟೆ ಆಗದಿದ್ದರೆ, ತಿಣುಕುತ್ತಿದ್ದರೆ, ರಕ್ತ ಬೆರೆತಿದ್ದರೆ ಅವತ್ತೇ ತೋರಿಸಿ. ಗಾಡಿ ಗುದ್ದಿದ ನಾಯಿಗಳಲ್ಲಿ ಮೂತ್ರಕೋಶಕ್ಕೂ ನರಕ್ಕೂ ಪೆಟ್ಟಾಗಿರುವ ಸಾಧ್ಯತೆ ಇದ್ದೇ ಇರುತ್ತದೆ.

ಇನ್ನೊಂದು ವಿಷಯ, ಹೊರಗೆ ಕರೆದೊಯ್ಯುವಾಗ ಬರೀ ಕುತ್ತಿಗೆ ಬೆಲ್ಟ್ ಸಾಲದು. ಬೀದಿ ನಾಯಿಗೆ ಹಗ್ಗದ ಅಭ್ಯಾಸವಿಲ್ಲ, ಹೆದರಿದರೆ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ. ಎದೆಗೆ ಹಾಕುವ ಹಾರ್ನೆಸ್ ಮತ್ತು ಬೆಲ್ಟ್ ಎರಡಕ್ಕೂ ಹಗ್ಗ ಹಾಕಿ. ಪ್ಲೇಟ್ ಹಾಕಿದ ಕಾಲಿನಲ್ಲಿ ಅವಳು ರಸ್ತೆಗೆ ಓಡಿದರೆ ಹಿಡಿಯುವುದು ಬಹಳ ಕಷ್ಟ.

ಡೋಲೋ ಪ್ರಶ್ನೆಗೆ ನೇರ ಉತ್ತರ: ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ. ಪ್ಯಾರಾಸಿಟಮಾಲ್ ಪ್ರಮಾಣ ತಪ್ಪಿದರೆ ನಾಯಿಯ ಯಕೃತ್ತು, ರಕ್ತದ ಕೆಂಪು ಕಣ ಎರಡಕ್ಕೂ ಹಾನಿ. ಐಬುಪ್ರೊಫೆನ್ ಇರುವ ಕಾಂಬಿಫ್ಲಾಮ್, ಡೈಕ್ಲೋಫೆನಾಕ್ ಇರುವ ವೊವೆರಾನ್ ಇನ್ನೂ ಕೆಟ್ಟವು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. (ಡೈಕ್ಲೋಫೆನಾಕನ್ನು ಪ್ರಾಣಿಗಳ ಚಿಕಿತ್ಸೆಯಲ್ಲಿ ಬಳಸುವುದನ್ನು 2006ರಲ್ಲೇ ನಮ್ಮ ದೇಶ ನಿಷೇಧಿಸಿತು. ಅದಕ್ಕೆ ಕಾರಣ ಸತ್ತ ದನಗಳನ್ನು ತಿಂದು ಸಾಯುತ್ತಿದ್ದ ರಣಹದ್ದುಗಳು, ಆದರೆ ನಾಯಿಗೂ ಅದು ವಿಷವೇ.) ಡಾಕ್ಟರ್ ಬರೆದುಕೊಟ್ಟಿರುವುದು ಬಹುಶಃ ಮೆಲಾಕ್ಸಿಕ್ಯಾಮ್ ಅಥವಾ ಕಾರ್ಪ್ರೊಫೆನ್ ಇರುತ್ತದೆ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ, ಹೇಳಿದಷ್ಟೇ, ಹೇಳಿದಷ್ಟು ದಿನ ಕೊಡಿ. ವಾಂತಿ ಶುರುವಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಅದು ಸಾಲದೆ ನೋವು ಉಳಿದಿದೆ ಅನ್ನಿಸಿದರೆ ಜೊತೆಗೆ ಕೊಡಬಹುದಾದ ಬೇರೆ ಔಷಧಗಳಿವೆ, ಅದನ್ನೂ ಅವರೇ ಬರೆಯಬೇಕು. 'ಇವಳಿಗೆ ನೋವಿನ ಔಷಧ ಸಾಕಾಗುತ್ತಿಲ್ಲ' ಅಂತ ಕೇಳಲು ಸಂಕೋಚ ಬೇಡ.

ನೋವಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಾಯಿ ನೋವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ, ಬೀದಿ ನಾಯಿಯಂತೂ ಮುಚ್ಚಿಡುವುದರಲ್ಲಿ ಪಳಗಿರುತ್ತದೆ. ಸೆಕೆ ಇಲ್ಲದಿದ್ದರೂ ಏದುಸಿರು ಬಿಡುವುದು, ಮೈ ನಡುಗುವುದು, ಮಲಗಲು ಹೋಗಿ ಮತ್ತೆ ಏಳುವುದು, ಕಿವಿ ಹಿಂದಕ್ಕೆ ಮಡಚಿ ಒಂದೇ ಕಡೆ ದಿಟ್ಟಿಸುವುದು, ಹತ್ತಿರ ಹೋದರೆ ಗುರ್ ಅನ್ನುವುದು, ಇವು ನೋವು. ಇದ್ಯಾವುದೂ ಇಲ್ಲದೆ, ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಹನ್ನೊಂದಾದ ಮೇಲೆ ಕುಂಯ್‌ಗುಟ್ಟುತ್ತಾಳೆ, ನೀವು ಪಕ್ಕದಲ್ಲಿ ಕೂತರೆ ಸುಮ್ಮನಾಗುತ್ತಾಳೆ ಅಂದರೆ ಅದು ಒಂಟಿತನ. ರಾತ್ರಿ ಹೊತ್ತು ತನ್ನ ಗುಂಪಿನ ಜೊತೆ ಎಚ್ಚರವಿದ್ದು ಬೊಗಳುತ್ತಿದ್ದವಳು ಅವಳು. ಹೊರಗೆ ಬೇರೆ ನಾಯಿಗಳ ಸದ್ದು ಕೇಳಿಸಿದರೆ ತಳಮಳ ಆಗದಿರುತ್ತದೆಯೇ? ಕೆಲವು ದಿನ ಪಂಜರದ ಪಕ್ಕದಲ್ಲೇ ಹಾಸಿಗೆ ಹಾಕಿಕೊಳ್ಳಿ, ಸಣ್ಣ ದೀಪ ಇರಲಿ, ಮಲಗುವ ಮೊದಲು ಸ್ವಲ್ಪ ಊಟ ಕೊಡಿ.

ಊಟ ಅರ್ಧಂಬರ್ಧ ಆದರೂ ತಿನ್ನುತ್ತಿದ್ದಾಳೆ ಅನ್ನುವುದು ಸಮಾಧಾನದ ವಿಷಯ. ಅವಳಿಗೆ ಇಷ್ಟು ದಿನ ಯಾರೋ ಹಾಕುತ್ತಿದ್ದುದು ಹಾಲು ಅನ್ನ, ಪಾರ್ಲೆ ಜಿ ಬಿಸ್ಕೆಟ್ ಇರಬಹುದು, ಒಣ ಡಾಗ್ ಫುಡ್ ಆಹಾರ ಅಂತಲೇ ಅವಳಿಗೆ ಗೊತ್ತಿಲ್ಲದಿರಬಹುದು. ಬೇಯಿಸಿದ ಕೋಳಿ, ಅನ್ನ, ಸ್ವಲ್ಪ ಸಿಹಿಕುಂಬಳ, ಬೇಯಿಸಿದ ಮೊಟ್ಟೆ, ಇದನ್ನು ಉಗುರು ಬೆಚ್ಚಗೆ ಮಾಡಿ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕೊಡಿ. ಉಪ್ಪು, ಮಸಾಲೆ ಬೇಡ, ಈರುಳ್ಳಿ ಬೆಳ್ಳುಳ್ಳಿಯಂತೂ ಮುಟ್ಟಿಸಲೇಬೇಡಿ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ತಿನ್ನಲು ಶುರು ಮಾಡಿದ ಮೇಲೆ ನಿಧಾನವಾಗಿ ಮರಿಗಳ ಆಹಾರ ಬೆರೆಸುತ್ತಾ ಬನ್ನಿ, ಅದರಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ರಂಜಕ ಸರಿಯಾದ ಅಳತೆಯಲ್ಲಿರುತ್ತವೆ. ಮೂಳೆ ಮುರಿದಿದೆ ಅಂತ ಎಲ್ಲರೂ ಕ್ಯಾಲ್ಸಿಯಂ ಸಿರಪ್ ತಂದುಕೊಡುತ್ತಾರೆ. ಬೆಳೆಯುವ ಮರಿಗೆ ಅದು ಜಾಸ್ತಿಯಾದರೂ ತೊಂದರೆಯೇ. ಬೇಕಾ ಬೇಡವಾ ಅಂತ ಡಾಕ್ಟರನ್ನೇ ಕೇಳಿ.

ಹೊಲಿಗೆಯ ವಿಷಯದಲ್ಲಿ ಅಮ್ಮನವರ ಕಾಳಜಿ ನನಗೆ ಅರ್ಥವಾಗುತ್ತದೆ, ಅರಿಶಿನ ನಮ್ಮೆಲ್ಲರ ಮನೆಯ ಮದ್ದು. ಆದರೆ ಹೊಲಿಗೆ ಹಾಕಿದ ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಅರೆದ ಬೇವು ಯಾವುದೂ ಬೇಡ. ಧೂಳು ಅಂಟುತ್ತದೆ, ನಾಯಿಗೆ ನೆಕ್ಕುವ ಆಸೆ ಹೆಚ್ಚುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಹಳದಿ ಬಣ್ಣದ ಕೆಳಗೆ ಗಾಯ ಕೆಂಪಗಾಗಿದೆಯೋ ಇಲ್ಲವೋ ಕಾಣುವುದೇ ಇಲ್ಲ. ಗಾಯವನ್ನು ಒಣಗಿದಂತೆ ಇಡಿ, ದಿನಾ ಒಂದು ಫೋಟೊ ತೆಗೆಯಿರಿ. ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಿದರೆ ಬದಲಾವಣೆ ಗೊತ್ತಾಗುತ್ತದೆ, ಡಾಕ್ಟರಿಗೆ ಕಳಿಸಲೂ ಅನುಕೂಲ. ಅಂಚು ಸ್ವಲ್ಪ ಕೆಂಪು, ಸ್ವಲ್ಪ ಊತ ಮೊದಲ ದಿನಗಳಲ್ಲಿ ಇದ್ದದ್ದೇ. ದಿನದಿಂದ ದಿನಕ್ಕೆ ಊತ ಏರಿದರೆ, ಹೊಲಿಗೆ ಬಾಯಿ ಬಿಟ್ಟರೆ, ಕೀವು ಅಥವಾ ವಾಸನೆ ಬಂದರೆ ತಡ ಮಾಡಬೇಡಿ. ನೊಣ ಕೂರದಂತೆ ನೋಡಿಕೊಳ್ಳುವುದು ನಮ್ಮ ಹವೆಯಲ್ಲಿ ಬಹಳ ಮುಖ್ಯ. ತೇವ ಇರುವ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳಬಹುದು. ಪಂಜರಕ್ಕೆ ಸೊಳ್ಳೆಪರದೆ ಹೊದಿಸಿ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14ನೇ ದಿನಕ್ಕೆ, ಅಲ್ಲಿಯವರೆಗೆ ಸ್ನಾನವಿಲ್ಲ.

ಕೋನ್ ತೆಗೆಯಬೇಡಿ. ಮೂಗಿನ ತುದಿಗಿಂತ ಎರಡು ಮೂರು ಇಂಚು ಮುಂದಿರುವ ಅಳತೆಯದು ಬೇಕು, ಅವಳು ಕಿತ್ತುಹಾಕಿ ನೆಕ್ಕುತ್ತಿದ್ದಾಳೆ ಅಂದರೆ ಈಗಿನದು ಅಳತೆಗೆ ಸರಿಯಿಲ್ಲ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ದುಂಡು ಕಾಲರ್ ನೋಡಲು ಹಿತವಾಗಿದೆ, ಆದರೆ ತೊಡೆಯ ಹೊಲಿಗೆ ಮುಟ್ಟದಂತೆ ತಡೆಯಲು ಅದು ಸಾಲದು. ನೆಕ್ಕಿದರೆ ಗಾಯ ಬೇಗ ವಾಸಿಯಾಗುತ್ತದೆ ಅನ್ನುವ ಮಾತು ಈ ವಿಷಯದಲ್ಲಿ ಸುಳ್ಳು. ರಾತ್ರಿ ಯಾರೂ ನೋಡದಿದ್ದಾಗ ಹಲ್ಲಿನಿಂದ ಹೊಲಿಗೆ ಬಿಚ್ಚಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಸಾಕು. ಸೋಂಕು ಒಳಗಿನ ಲೋಹಕ್ಕೆ ತಗುಲಿದರೆ ಬರೀ ಆಂಟಿಬಯಾಟಿಕ್‌ನಿಂದ ಹೋಗುವುದು ಕಷ್ಟ. ಊಟದ ಬಟ್ಟಲನ್ನು ಎತ್ತರಕ್ಕಿಟ್ಟರೆ ಕೋನ್ ಇದ್ದೇ ತಿನ್ನುತ್ತಾಳೆ.

ಈಗ ಹೇಳುವುದನ್ನು ಫಾಸ್ಟರ್ ಮನೆಗಳಿಗೆ ಯಾರೂ ಸರಿಯಾಗಿ ಹೇಳಿ ಕಳಿಸುವುದಿಲ್ಲ, ಹಾಗಾಗಿ ಒತ್ತಿ ಹೇಳುತ್ತೇನೆ. ಓಡಾಟ ಬೇಡ ಅಂದರೆ ಮೊಣಕಾಲು ಮಡಚುವುದೇ ಬೇಡ ಅಂತಲ್ಲ. ಎಳೆಯ ನಾಯಿಗಳಲ್ಲಿ ತೊಡೆ ಮೂಳೆ ಮುರಿದಾಗ, ಅದರಲ್ಲೂ ಮೊಣಕಾಲಿನ ಹತ್ತಿರ ಮುರಿದಾಗ, ತೊಡೆಯ ಮುಂಭಾಗದ ಸ್ನಾಯು ಮೂಳೆಗೇ ಅಂಟಿಕೊಂಡು ಕಾಲು ಕೋಲಿನಂತೆ ನೆಟ್ಟಗಾಗಿಬಿಡುತ್ತದೆ. ಒಮ್ಮೆ ಹಾಗೆ ಪೂರ್ತಿ ಬಿಗಿದುಕೊಂಡರೆ ಸರಿಪಡಿಸುವುದು ಬಹಳ ಕಷ್ಟ, ಮೂಳೆ ಚೆನ್ನಾಗಿ ಕೂಡಿದ್ದರೂ ಕಾಲು ಕೆಲಸಕ್ಕೆ ಬಾರದಂತಾಗಬಹುದು. ಆದ್ದರಿಂದ ನಾಳೆಯೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, 'ಮೊಣಕಾಲು ಮಡಚಿ ಬಿಡಿಸುವ ವ್ಯಾಯಾಮ ಯಾವಾಗಿನಿಂದ, ದಿನಕ್ಕೆ ಎಷ್ಟು ಸಲ, ಎಷ್ಟು ಮಡಚಬಹುದು' ಅಂತ ಕೇಳಿ. ಆಗುವುದಾದರೆ ಹೋಗಿ ಅವರ ಕೈಯಿಂದ ಮಾಡಿಸಿ ನೋಡಿಕೊಂಡು, ವಿಡಿಯೊ ಮಾಡಿಕೊಂಡು ಬನ್ನಿ. ಅವಳು ಪಕ್ಕಕ್ಕೆ ಮಲಗಿ ಆರಾಮಾಗಿರುವಾಗ, ನೋವಿನ ಮಾತ್ರೆ ಕೊಟ್ಟು ಒಂದೆರಡು ಗಂಟೆ ಆದ ಮೇಲೆ, ನಿಧಾನವಾಗಿ ಮಾಡುವ ಕೆಲಸ ಇದು. ಅವಳು ತಿರುಗಿ ನೋಡಿದಳು, ಬಿಗಿದಳು ಅಂದರೆ ಅಲ್ಲಿಗೆ ನಿಲ್ಲಿಸಿ. ಎರಡು ವಾರದ ಹೊತ್ತಿಗೆ ಮೊಣಕಾಲು ಮಡಚುತ್ತಲೇ ಇಲ್ಲ, ಕಾಲು ಹಿಂದಕ್ಕೆ ಚಾಚಿಕೊಂಡೇ ಇದೆ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಎರಡನೇ ವಾರದಲ್ಲಿ ನಾಯಿ ಇದ್ದಕ್ಕಿದ್ದಂತೆ ಮಂಕಾದರೆ ಎಲ್ಲರೂ ಆಪರೇಷನ್ನನ್ನೇ ದೂರುತ್ತಾರೆ. ಬೆಂಗಳೂರಿನ ಬೀದಿ ನಾಯಿಗಳಲ್ಲಿ ನಾನು ಮೊದಲು ಅನುಮಾನಿಸುವುದು ಟಿಕ್ ಫೀವರ್, ಉಣುಗು ಕಚ್ಚಿ ಬರುವ ಎರ್ಲಿಕಿಯಾ, ಬೆಬಿಸಿಯಾ ರೋಗಗಳು. ಮೈಯಲ್ಲಿ ಅಡಗಿದ್ದ ರೋಗ ಪೆಟ್ಟು, ಆಪರೇಷನ್ನಿನ ದಣಿವಿನಲ್ಲಿ ಮೇಲೇಳುತ್ತದೆ. ದಿನಾ ವಸಡು ನೋಡಿ, ಗುಲಾಬಿ ಬಣ್ಣ ಇರಬೇಕು. ಬಿಳಿಚಿದ್ದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಎದ್ದರೆ, ಮೂಗಿನಿಂದ ರಕ್ತ ಬಂದರೆ ತಕ್ಷಣ ರಕ್ತ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ. ಜ್ವರ ಮೂಗು ಮುಟ್ಟಿ ತಿಳಿಯುವುದಿಲ್ಲ, ಡಿಜಿಟಲ್ ಥರ್ಮಾಮೀಟರಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದಲ್ಲಿ ನೋಡಬೇಕು. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ, 103 ದಾಟಿದರೆ ಡಾಕ್ಟರಿಗೆ ಹೇಳಿ. ಎಲ್ಲ ಕಡೆ ಬಾಗಿಲು ಮುಚ್ಚಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನೆನಪಿರಲಿ, ಆದರೆ ರಾತ್ರಿ ಯಾರು ನೋಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ತಂಡದವರ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ನಿಮ್ಮ ಮನೆಯ ನಾಯಿಯನ್ನು ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿಡಿ, ಬಟ್ಟಲು ಬೇರೆ, ಹಾಸಿಗೆ ಬೇರೆ. ಡಿಸ್ಟೆಂಪರ್, ಪಾರ್ವೊದಂಥ ಅಂಟುರೋಗಗಳು ಹೊಸ ನಾಯಿಯ ಮೈಯಲ್ಲಿ ಲಕ್ಷಣ ತೋರದೆ ಕೂತಿರಬಹುದು. ನಿಮ್ಮ ನಾಯಿಯ ಲಸಿಕೆ ಬಾಕಿ ಇದ್ದರೆ ಈ ವಾರವೇ ಮಾಡಿಸಿ, ಇಬ್ಬರಿಗೂ ಉಣುಗಿನ ಔಷಧ ಕೇಳಿ ಕೊಡಿಸಿ.

ಕಡಿತದ ಬಗ್ಗೆಯೂ ಹೇಳಬೇಕು. ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು, ಅವಳ ರೇಬಿಸ್ ಲಸಿಕೆಯ ಹಿಂದಿನ ದಾಖಲೆ ನಿಮ್ಮ ಹತ್ತಿರ ಇರಲಿಕ್ಕಿಲ್ಲ. ಮಕ್ಕಳನ್ನು ಪಂಜರದಿಂದ ದೂರವಿಡಿ. ಹಲ್ಲು ತಾಗಿ ಚರ್ಮ ತರಚಿದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ, ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. 'ನಮ್ಮ ಚುಕ್ಕಿನೇ ಅಲ್ವಾ' ಅಂತ ಬಿಡಬೇಡಿ. ಇನ್ನು ಮುಂದೆಯೂ ಬೀದಿ ನಾಯಿಗಳನ್ನು ಫಾಸ್ಟರ್ ಮಾಡುವ ಮನಸ್ಸಿದ್ದರೆ ಕಚ್ಚುವ ಮೊದಲೇ ತೆಗೆದುಕೊಳ್ಳುವ ಲಸಿಕೆಯನ್ನು ಮನೆಯವರೆಲ್ಲ ಹಾಕಿಸಿಕೊಳ್ಳಿ.

ಹೊಲಿಗೆ ಬಿಚ್ಚಿದ ಮೇಲೆ, ಡಾಕ್ಟರ್ ಒಪ್ಪಿದರೆ, ಚಿಕ್ಕ ಹಗ್ಗದಲ್ಲಿ ಐದು ನಿಮಿಷದ ನಿಧಾನ ನಡಿಗೆ ದಿನಕ್ಕೆ ಮೂರು ಸಲ ಶುರು ಮಾಡಬಹುದು. ನಿಧಾನ ನಡೆದರೆ ನಾಲ್ಕೂ ಕಾಲು ಊರುತ್ತಾಳೆ, ವೇಗ ಹೆಚ್ಚಿದರೆ ಕಾಲೆತ್ತಿ ಕುಂಟುತ್ತಾ ಓಡುತ್ತಾಳೆ, ಆದ್ದರಿಂದ ನೀವು ಆಮೆಯ ವೇಗದಲ್ಲಿ ನಡೆಯಿರಿ. ಚೆನ್ನಾಗಿ ಊರುತ್ತಿದ್ದವಳು ಒಂದು ದಿನ ದಿಢೀರ್ ಕಾಲು ಎತ್ತಿ ಹಿಡಿದರೆ ಪ್ಲೇಟ್ ಸಡಿಲಾಗಿದೆ ಅಂತಲೇ ಎಣಿಸಿ ಅವತ್ತೇ ಎಕ್ಸ್‌ರೇ ಮಾಡಿಸಿ.

ಆರನೇ ವಾರದ ಎಕ್ಸ್‌ರೇಗೆ ಹೋದಾಗ ಮೂಳೆ ಎಷ್ಟು ಕೂಡಿದೆ, ಪ್ಲೇಟ್ ಒಳಗೇ ಬಿಡುವುದೋ (ತೊಂದರೆ ಕೊಡದಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ), ಸಂತಾನಹರಣ ಯಾವಾಗ ಮಾಡಿಸಬಹುದು, ಈ ಮೂರನ್ನೂ ಕೇಳಿಕೊಂಡು ಬನ್ನಿ. ಅಷ್ಟರೊಳಗೆ ಅವಳಿಗೆ ಹೀಟ್ (ಬೆದೆ) ಬಂದರೆ ಹೊರಗಿನ ಗಂಡು ನಾಯಿಗಳಿಂದ ಇನ್ನೂ ಹೆಚ್ಚು ಕಾಪಾಡಬೇಕಾಗುತ್ತದೆ. ಆಪರೇಷನ್ನಿನ ಮೊದಲಿನ ಮತ್ತು ನಂತರದ ಎಕ್ಸ್‌ರೇ, ಔಷಧ ಚೀಟಿ, ಲಸಿಕೆ ಪುಸ್ತಕ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ದತ್ತು ಕೇಳಿಕೊಂಡು ಯಾರಾದರೂ ಈಗಲೇ ಬಂದರೆ ಬಂದು ನೋಡಿ ಮಾತಾಡಿಸಿಕೊಂಡು ಹೋಗಲಿ, ಆದರೆ ಆ ಎಕ್ಸ್‌ರೇ ಸರಿಯಿದೆ ಅನ್ನುವವರೆಗೆ ಮನೆ ಬದಲಿಸುವುದು ಬೇಡ ಅಂತ ತಂಡದವರಿಗೆ ಹೇಳಿ. ಆಮೇಲೆ ಕಳಿಸುವಾಗ ಆ ಫೈಲಿನ ಪ್ರತಿಯ ಜೊತೆಗೆ ಮೊಣಕಾಲು ವ್ಯಾಯಾಮದ ವಿಡಿಯೊವನ್ನೂ ಕೊಡಿ.